ಮಡೀಲಿದೀನಿ, ಮುಟ್ಟಬೇಡ

ನಮ್ಮ ಮನೆಯಲ್ಲಿ ಅಳುವುದನ್ನು ನಿಲ್ಲಿಸಿದವರು ಆಚಾರ್ಯರು. ಅಣ್ಣನ ದೇಹ ಇನ್ನೂ ನಡುಮನೆಯಲ್ಲಿತ್ತು. ಅತ್ತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ನಾನು ಬಾಗಿಲ ಹತ್ತಿರ ಕುಕ್ಕರಿಸಿ, ಮೂಗು ಒರೆಸಿಕೊಳ್ಳುವುದನ್ನೂ ಮರೆತು, ಬಾಯಿಬಿಟ್ಟು ಅಳುತ್ತಿದ್ದೆ. ಆಚಾರ್ಯರು ದರ್ಭೆಯ ಕಟ್ಟು ಬಿಚ್ಚುತ್ತಾ, ತಲೆ ಎತ್ತದೆ ಹೇಳಿದರು: "ಅಳಬಾರ್ದಮ್ಮಾ. ನೀವು ಸುರಿಸೋ ಕಣ್ಣೀರು, ಸಿಂಬಳ ಎಲ್ಲಾ ಹೋದ ಜೀವದ ಬಾಯಿಗೇ ಬೀಳತ್ತೆ. ಬೇರೆ ಆಹಾರ ಇಲ್ಲ ಅವನಿಗೆ ಈಗ. ಅದನ್ನೇ ನುಂಗ್ಬೇಕು."

ಅವರೇನು ಕೆಟ್ಟವರಲ್ಲ. ಮೋಡ ಕವಿದಿದೆ, ಕೊಡೆ ತಗೊಂಡು ಹೋಗಿ ಎನ್ನುವ ಧಾಟಿಯಲ್ಲೇ ಹೇಳಿದರು. ಆದರೆ ಅಷ್ಟು ಸಾಕಾಯಿತು. ಅತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ನಾನು ಎದ್ದು ಮುಖ ತೊಳೆದುಕೊಂಡು ಬಂದೆ. ಅಮ್ಮ ಮಾತ್ರ ಮೊದಲಿನಿಂದಲೂ ಅತ್ತಿರಲಿಲ್ಲ. ಮಗನ ಪಕ್ಕದಲ್ಲಿ ಕೂತು ಅವನ ಬೆನ್ನಿನ ಅಡಿಗೆ ಕೈ ತೂರಿಸಿ ಅಲ್ಲಿ ಏನನ್ನೋ ಉಜ್ಜುತ್ತಿದ್ದಳು. ಹಾಸಿದ ಪಂಚೆ ಸರಿಮಾಡುತ್ತಿದ್ದಾಳೆ ಎಂದುಕೊಂಡೆ.

ನಾವು ತ್ರಿಪ್ಲಿಕೇನಿನ ಮಾಧ್ವರು. ಮುತ್ತಜ್ಜನ ಕಾಲಕ್ಕೇ ಇಲ್ಲಿಗೆ ಬಂದವರಂತೆ. ನಮ್ಮ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ಮೈಸೂರು ಕಡೆಯಿಂದ ಬಂದ ಅತ್ತಿಗೆ ಮದುವೆಯಾದ ಹೊಸದರಲ್ಲಿ ನಾವು ಮಾತಾಡಿದರೆ ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಅಪ್ಪ ಹೋಗಿ ಬಹಳ ಕಾಲವಾಗಿದೆ. ಅಣ್ಣ ಅತ್ತಿಗೆಗೆ ಮಕ್ಕಳಿಲ್ಲ. ನಾನೂ ಗಂಡನನ್ನು ಬಿಟ್ಟು ಬಂದು ತವರಲ್ಲೇ ಝಂಡಾ ಊರಿದವಳು. ಹೀಗಾಗಿ ಅಣ್ಣ ಹೋದ ಮೇಲೆ ಆ ಹಳೆಯ ಮನೆಯಲ್ಲಿ ಉಳಿದದ್ದು ಮೂವರು ಹೆಂಗಸರು.

ಅಮ್ಮನ ಮಡಿಯ ಬಗ್ಗೆ ಹೇಳಲೇಬೇಕು. ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದೆ ಎತ್ತರದ ಗಳುವಿನ ಮೇಲೆ ಒಣಗಿದ ಸೀರೆಯುಟ್ಟು, ಹಿತ್ತಲಿನ ಅಡಿಪಂಪಿನ ಹಿಡಿ ಒತ್ತಿ ತಾನೇ ನೀರು ಹೊಡೆದು ತಂದು, ತನ್ನದೇ ಒಲೆಯಲ್ಲಿ ಅಡುಗೆ ಮಾಡಿ, ದೇವರಿಗೆ ತೋರಿಸಿ, ಉಣ್ಣುವ ತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ತಲೆಗೆ ನೀರು, ಮತ್ತೆ ಮೊದಲಿನಿಂದ. ನಾವು ಇನ್ನೊಂದು ಒಲೆಯಲ್ಲಿ ಕುಕ್ಕರ್ ಇಟ್ಟು ಉಂಡು ಕೆಲಸಕ್ಕೆ ಓಡುವವರು. ಅಮ್ಮ ನಮ್ಮ ಮೇಲೆ ಎಂದೂ ಮಡಿ ಹೇರಲಿಲ್ಲ, ನಾವೂ ಅವಳ ಮಡಿಗೆ ಅಡ್ಡ ಬರಲಿಲ್ಲ. ಅಣ್ಣ ಒಬ್ಬ ಬಿಟ್ಟು. ಚಿಕ್ಕಂದಿನಿಂದಲೂ ಅವನಿಗೆ ಅದೇ ಆಟ. ಬೆರಳನ್ನು ಅವಳ ತೋಳಿನ ಹತ್ತಿರ ಹತ್ತಿರ ತಂದು "ಮುಟ್ಟಿದೆ, ಮುಟ್ಟಿದೆ" ಎನ್ನುವುದು, ಅವಳು ಸೌಟು ಎತ್ತಿಕೊಂಡು "ತೊಲಗೋ ಕತ್ತೆ" ಎಂದು ಕೂಗುವುದು. ಐವತ್ತು ದಾಟಿ ತಲೆ ಬೋಳಾದರೂ ಅವನು ಆ ಆಟ ಬಿಟ್ಟಿರಲಿಲ್ಲ. ಅಮ್ಮನೂ ಬೈಯುವುದನ್ನು ಬಿಟ್ಟಿರಲಿಲ್ಲ. ಅತ್ತಿಗೆ ಅದನ್ನು ನೋಡಿ ನಗುತ್ತಿದ್ದರೋ ಹಲ್ಲು ಕಚ್ಚುತ್ತಿದ್ದರೋ, ನಾನು ಗಮನಿಸಿರಲಿಲ್ಲ.

ಅವನು ಸತ್ತದ್ದು ಒಂದು ದ್ವಾದಶಿಯ ದಿನ, ಆಫೀಸಿಗೆ ಹೋಗುವಾಗ, ರೈಲು ನಿಲ್ದಾಣದ ಮೆಟ್ಟಿಲ ಮೇಲೆ. ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಅವನ ಅಂಗಿಯ ಜೇಬಿನಲ್ಲಿ ಹುಳಿತೇಗಿನ ಮಾತ್ರೆಯ ಪಟ್ಟಿ ಇತ್ತು. ಅರ್ಧ ಖಾಲಿ. ಅಂದರೆ ಎದೆಯಲ್ಲಿ ಏನೋ ಆಗುತ್ತಿದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಚೀಪುವ ಮಾತ್ರೆ ಚೀಪಿಕೊಂಡು ಓಡಾಡಿದ್ದ. ಆ ಪಟ್ಟಿ ನೋಡಿದಾಗಿನಿಂದ ನನಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿದೆ. ಈಗಲೂ ಪೂರ್ತಿ ಇಳಿದಿಲ್ಲ.

ಸೂತಕದ ದಿನಗಳಲ್ಲಿ ಮಡಿ ಇಲ್ಲ, ಪೂಜೆ ಇಲ್ಲ. ಅಮ್ಮ ಮೂಲೆಯಲ್ಲಿ ಕೂತಿರುತ್ತಿದ್ದಳು. ಯಾರಾದರೂ ಬಂದು ಕೈ ಹಿಡಿದರೆ ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದಳು. ವೈಕುಂಠ ಸಮಾರಾಧನೆ ಮುಗಿದ ಮರುದಿನ, ಕಾದಿದ್ದವಳ ಹಾಗೆ ಎದ್ದು ಮಡಿಯುಟ್ಟಳು. ಮೊದಲು ಮಧ್ಯಾಹ್ನದ ಊಟಕ್ಕೆ ಮುಗಿಯುತ್ತಿದ್ದ ಮಡಿ ಈಗ ಸಂಜೆಯ ತನಕ ಎಳೆಯಿತು. ಆಮೇಲೆ ದೀಪ ಹಚ್ಚಿದ ಮೇಲೂ ಬಿಡಲಿಲ್ಲ. ಮಲಗುವುದೂ ಮಡಿಯಲ್ಲೇ, ಒಂದು ಚಾಪೆಯ ಮೇಲೆ, ದೇವರ ಮನೆಯ ಬಾಗಿಲಲ್ಲಿ. ಊಟ ಒಂದೇ ಹೊತ್ತು, ಅದೂ ಹಿಡಿ ಅನ್ನ. ಅಣ್ಣನ ಹೆಸರು ಎತ್ತಿದರೆ ಎದ್ದು ಹೋಗಿ ಸ್ತೋತ್ರ ಹೇಳುತ್ತಾ ಕೂರುತ್ತಿದ್ದಳು.

ಬಂದವರೆಲ್ಲ ಹೊಗಳಿದರು. ಎಂಥ ಧೈರ್ಯ, ಎಂಥ ವೈರಾಗ್ಯ, ಮಗ ಹೋದರೂ ಆಚಾರ ಬಿಡಲಿಲ್ಲ ನೋಡಿ ಎಂದರು. ಅತ್ತಿಗೆಗೂ ಒಂದು ಪಾಲು ಹೊಗಳಿಕೆ ಸಿಕ್ಕಿತು. ಯಾಕೆಂದರೆ ಅಮ್ಮನ ಮಡಿಯನ್ನು ಕಾಯುತ್ತಿದ್ದವರು ಅವರೇ. ಶಾಲೆಯಲ್ಲಿ ಗಣಿತ ಹೇಳಿಕೊಡುವ ಅವರಿಗೆ ಮೊದಲು ಇದರಲ್ಲೆಲ್ಲ ಅಷ್ಟಕ್ಕಷ್ಟೇ. ಈಗ ಯಾರಾದರೂ ಅಮ್ಮನ ಕಡೆ ಹೆಜ್ಜೆ ಇಟ್ಟರೆ ಸಾಕು, "ಅತ್ತೆ ಮಡೀಲಿದಾರೆ, ದೂರ ನಿಂತ್ಕೊಳ್ಳಿ" ಎಂದು ಅಡ್ಡ ಬರುತ್ತಿದ್ದರು. ಇಂಥ ಸೊಸೆ ಎಲ್ಲಿ ಸಿಗುತ್ತಾಳೆ ಎಂದರು ಜನ. ನಾನೂ ಹಾಗೇ ಅಂದುಕೊಂಡೆ.

ಅಮ್ಮ ಒಣಗುತ್ತಾ ಹೋದಳು. ಕುಪ್ಪಸ ಹೆಗಲಿನಿಂದ ಜಾರುವಂತಾಯಿತು. ಒಂದು ದಿನ ಪೂಜೆಗೆ ಕೂತಲ್ಲೇ ತಲೆ ತಿರುಗಿ ಗೋಡೆಗೆ ಒರಗಿದಳು. ಡಾಕ್ಟರನ್ನು ಮನೆಗೇ ಕರೆತಂದೆ. ಮಡಿ ಕೆಟ್ಟಿತೆಂದು ಅವರ ಎದುರಿಗೇ ಗೊಣಗಿದಳು. ಅವರು ರಕ್ತ ಪರೀಕ್ಷೆ ಮಾಡಿಸಿ ಹೇಳಿದರು, ರೋಗ ಅಂತ ಏನೂ ಇಲ್ಲ, ಆದರೆ ಹೀಗೇ ಊಟ ಬಿಟ್ಟರೆ ಹೆಚ್ಚು ಕಾಲ ತಡೆಯುವುದಿಲ್ಲ, ಮನಸ್ಸು ಬಿಟ್ಟು ಮಾತಾಡಲಿ ಎಂದು. ಹೇಳುವುದು ಸುಲಭ. ಹೊಸಿಲಿನ ಆಚೆ ಕೂತು ನಾನು ಮಾತಾಡಿಸಲು ನೋಡಿದೆ. ನಿನಗೆ ಏನನ್ನಿಸತ್ತಮ್ಮ ಎಂದು ಕೇಳಿದೆ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿದವರಲ್ಲ. ಅವಳು ನನ್ನನ್ನು ಹೊಸಬಳಂತೆ ನೋಡಿ, "ಏನ್ ಅನ್ನಿಸೋದು? ತಲೆಯೆಳುತ್ತು" ಎಂದಳು. ಹಣೆಬರಹ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ತಮಿಳಿನದೇ ಮಾತು. ಅಲ್ಲಿಗೆ ಬಾಗಿಲು ಮುಚ್ಚಿತು.

ನನ್ನದು ಇನ್ನೊಂದು ಬಗೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರಲ್ಲ, ನನ್ನದು ಅಣ್ಣನ ಮೇಲಿನ ಕೋಪ, ಕೊತ್ತಿಗಳು ಊರು ತುಂಬ ಇದ್ದವು. ಆಟೋದವನು, ಗ್ಯಾಸಿನವನು, ಬಸ್ಸಿನಲ್ಲಿ ಕಾಲು ತುಳಿದ ಕಾಲೇಜು ಹುಡುಗಿ, ಯಾರನ್ನೂ ಬಿಡಲಿಲ್ಲ. ನಾನು ಕೆಲಸ ಮಾಡುವುದು ಪ್ಯಾರೀಸ್ ಕಾರ್ನರ್ ಹತ್ತಿರ, ಬಂದರಿನ ಸರಕಿನ ಕಾಗದಪತ್ರ ನೋಡಿಕೊಳ್ಳುವ ಒಂದು ಆಫೀಸಿನಲ್ಲಿ. ಅಲ್ಲಿಯೂ ನನ್ನ ಬಾಯಿಗೆ ಹೆದರಿ ಜನ ಮೇಜು ಬದಲಾಯಿಸಿಕೊಂಡರು. ಆ ಸಮಯಕ್ಕೆ ಸರಿಯಾಗಿ ಮ್ಯಾನೇಜರ್ ಎಲ್ಲರಿಗೂ ಒತ್ತಡ ನಿವಾರಣೆಯ ತರಗತಿ ಏರ್ಪಡಿಸಿದರು. ಎಲ್ಲರಿಗೂ ಅಂದರೆ ನನಗೇ, ಅಷ್ಟು ಅರ್ಥವಾಗದಷ್ಟು ದಡ್ಡಿಯಲ್ಲ ನಾನು. ಹೇಳಿಕೊಡಲು ಬಂದ ಹೆಂಗಸು ಬಣ್ಣಬಣ್ಣದ ಮುಖಗಳ ಚಿತ್ರ ಹಂಚಿ, ನಿಮ್ಮೊಳಗೆ ಈಗ ಯಾವ ಮುಖವಿದೆ, ಮುಟ್ಟಿ ತೋರಿಸಿ ಎಂದಳು. ನಗುವ ಮುಖ, ಅಳುವ ಮುಖ, ಕೆಂಪು ಮುಖ. ನಾನು ಹಾಳೆ ತಿರುಗಿಸಿ ಖಾಲಿ ಬದಿ ತೋರಿಸಿದೆ. ಅವಳು ಸಿಟ್ಟಾಗಲಿಲ್ಲ. ಹೇಳಲು ಹೆಸರು ಸಿಗದಿದ್ದರೆ ಶಬ್ದವನ್ನಾದರೂ ಹೊರಗೆ ಹಾಕಿ, ಎಲ್ಲಾದರೂ ಹೋಗಿ ಕೂಗಿ ಎಂದಳು. ಮನಸ್ಸಿನಲ್ಲೇ ಅವಳನ್ನೂ ಬೈದುಕೊಂಡೆ.

ಆದರೆ ಆ ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಕೂಗಿಯೇಬಿಟ್ಟೆ. ಪ್ಯಾರೀಸ್ ಕಾರ್ನರಿನ ಸಂಜೆಯ ಗದ್ದಲ ನಿಮಗೆ ಗೊತ್ತಿದ್ದರೆ ಗೊತ್ತಿರುತ್ತದೆ. ಬಸ್ಸಿನ ಹಾರನ್ನು, ಗಾಡಿಯವರ ಕೂಗು, ಹಣ್ಣಿನವರ ಕೂಗು. ಅಲ್ಲಿ ಒಬ್ಬಳು ನಡುವಯಸ್ಸಿನ ಹೆಂಗಸು "ದರಿದ್ರದವನೇ, ಡಾಕ್ಟರ ಹತ್ತಿರ ಹೋಗೋಕೆ ಏನಾಗಿತ್ತೋ ನಿನಗೆ ರೋಗ" ಎಂದು ಕಿರುಚಿದರೆ ಯಾರೂ ತಿರುಗಿ ನೋಡುವುದಿಲ್ಲ. ಕಿರುಚಿದೆ, ಅತ್ತೆ, ಮತ್ತೆ ಕಿರುಚಿದೆ. ಕಣ್ಣೀರು ಸಿಂಬಳ ಎಲ್ಲ ಸುರಿಯಿತು. ನುಂಗಲಿ ಅಂದುಕೊಂಡೆ. ಅಷ್ಟು ಮಾತ್ರೆ ನುಂಗಿದವನು ಇದನ್ನೂ ನುಂಗಲಿ. ಆಮೇಲೆ ಬಸ್ಸು ಬಂತು. ಅದೇ ನನ್ನ ರೂಢಿಯಾಯಿತು. ದಿನಾ ಅಲ್ಲ, ಬೇಕೆನಿಸಿದ ದಿನ. ಮನೆಗೆ ಬಂದ ಮೇಲೆ ತಟ್ಟೆ ಕುಕ್ಕುವುದು ಸ್ವಲ್ಪ ಕಡಿಮೆಯಾಯಿತು. ನನಗೊಂದು ದಾರಿ ಸಿಕ್ಕಿತು, ಆದರೆ ಅಮ್ಮನನ್ನು ಪ್ಯಾರೀಸ್ ಕಾರ್ನರಿಗೆ ಕರೆದೊಯ್ದು ಕೂಗು ಎನ್ನಲು ಸಾಧ್ಯವೇ? ಅವಳು ಹೀಗೇ ಸಾಯುತ್ತಾಳೆ, ನಾವು ದೂರ ನಿಂತು ನೋಡುತ್ತೇವೆ ಎನ್ನುವುದು ನನಗೆ ಖಾತ್ರಿಯಾಗಿತ್ತು.

ಕತ್ತರಿ ಬಿಸಿಲಿನ, ಬೇಸಿಗೆ ಉರಿಯುವ ಕಾಲದ ಒಂದು ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಕೊಡ ಉರುಳಿದ ಸದ್ದಾಯಿತು. ಓಡಿ ಹೋದೆ. ಅಡಿಪಂಪಿನ ಪಕ್ಕದ ಪಾಚಿಯ ಮೇಲೆ ಅಮ್ಮ ಬಿದ್ದಿದ್ದಳು. ಸೀರೆ ಪೂರ್ತಿ ನೆನೆದಿತ್ತು, ಬಲಗೈ ಮೈಯಡಿಗೆ ಸಿಕ್ಕಿಕೊಂಡಿತ್ತು. ಅತ್ತಿಗೆ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ನಿಂತಿದ್ದರು.

"ಬರಬೇಡಿ! ಮಡೀಲಿದೀನಿ! ನಾನೇ ಎದ್ದೇಳ್ತೀನಿ," ಎಂದು ಅಮ್ಮ ಕೂಗುತ್ತಿದ್ದಳು. ಏಳಲು ಆಗುತ್ತಿರಲಿಲ್ಲ. ಎದ್ದು ಕೂರಲು ಹೋಗಿ ಮತ್ತೆ ಜಾರುತ್ತಿದ್ದಳು.

ನಾನು ಅತ್ತಿಗೆಯ ಮುಖ ನೋಡಿದೆ. ಅವರು ಕೈಕಟ್ಟಿಕೊಂಡಿದ್ದರು. "ಅತ್ತೆ ಮಡೀಲಿದಾರೆ," ಎಂದರು, ಬಾಗಿಲಿಗೆ ಬಂದವರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ. ಆ ಮುಖದಲ್ಲಿ ಗಾಬರಿಯಿರಲಿಲ್ಲ. ಅದನ್ನು ನೋಡಿ ನನಗೆ ಅಮ್ಮ ಬಿದ್ದದ್ದಕ್ಕಿಂತ ಹೆಚ್ಚು ಭಯವಾಯಿತು.

ನಾನು ಹೋಗಿ ಅಮ್ಮನ ಕಂಕುಳಿಗೆ ಕೈ ಹಾಕಿ ಎತ್ತಿದೆ. ತೂಕವೇ ಇರಲಿಲ್ಲ. ಅವಳು ಎಡಗೈಯಿಂದ ನನ್ನ ಕೆನ್ನೆಗೆ ಬಾರಿಸಿದಳು.

"ಬಿಡ್ಡೀ ಮೂದೇವಿ! ಮುಟ್ಟಿಬಿಟ್ಯಲ್ಲಡೀ! ತಿರುಗಿ ಸ್ನಾನ ಮಾಡಬೇಕು ನಾನು!"

"ಮಾಡು! ದಿನವಿಡೀ ಸ್ನಾನ ಮಾಡ್ತಾ ಕೂತ್ಕೋ!" ನನಗೂ ತಡೆಯಲಾಗಲಿಲ್ಲ. "ಕೈ ಮುರ್ಕೊಂಡು ಬಿದ್ದಿದೀಯ, ಇನ್ನೂ ಮಡಿಯಂತೆ ಮಡಿ! ಮಗ ಸತ್ರೂ ಮಡಿ, ನಾವು ಸತ್ರೂ ಮಡಿ! ಮಡಿನೇ ಹೆತ್ಕೋಬೇಕಿತ್ತು ನೀನು!"

ಅವಳು ಮತ್ತೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಒದ್ದೆ ನೆಲದ ಮೇಲೆ ಕೂತು, ಊದುತ್ತಿದ್ದ ಬಲಗೈಯನ್ನು ಎದುರಿಗೆ ಹಿಡಿದು ನೋಡಿದಳು.

"ಅವನ ಮುಟ್ಟದ ಕೈ ಡೀ ಇದು. ಇದನ್ನ ಯಾರೂ ಮುಟ್ಟಬಾರ್ದು."

ಏನು ಹೇಳುತ್ತಿದ್ದೀ ಎಂದೆ. ಆಗ ಅವಳು ಹೇಳಿದಳು. ದ್ವಾದಶಿ ಬೆಳಿಗ್ಗೆ, ಪಾರಣೆಗೆ ಬೇಗ ಅಡುಗೆಯಾಗಬೇಕೆಂದು ಒಲೆಯ ಮುಂದೆ ಇದ್ದಾಗ ಅಣ್ಣ ಬಂದನಂತೆ. ನಾನು ಆಗ ಬಚ್ಚಲಲ್ಲಿದ್ದೆ.

"ಅಮ್ಮಾ, ಎದೆ ಪಿಡ್ಕೊಂಡಂಗಿದೆ, ಬೆನ್ನು ಕೊಂಚ ಉಜ್ಜು ಅಂದ. ಮಡೀಲಿದೀನಿ, ಮುಟ್ಟಬೇಡ, ಅಪ್ಪುರಂ, ಅಡುಗೆ ಆದ್ಮೇಲೆ ಉಜ್ತೀನಿ ಅಂದೆ. ಹತ್ರ ಬಂದ. ವಿಳೆಯಾಡ್ತಾ ಇದಾನೆ ಅಂದ್ಕೊಂಡೆ. ದಿನಾ ಆಡ್ತಾನಲ್ಲ. ಸೌಟು ಎತ್ತಿ ತೊಲಗೋ ಅಂದೆ. ತೊಲಗೋ ಅಂದೆ ಡೀ. ನಿಂತು ನೋಡ್ದ, ಹೋದ." ಕೈಯನ್ನು ಮಡಿಲಿಗೆ ಇಳಿಸಿಕೊಂಡಳು. "ಅಪ್ಪುರಂ ಉಜ್ಜಿದೆ. ತಂದು ಮಲಗಿಸಿದ ಮೇಲೆ ಉಜ್ಜಿದೆ. ಕಲ್ಲು ಹಂಗಿದ್ದ."

ನಾನು ಬಾಯಿ ತೆರೆದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದನ್ನೇ ಹೇಳಲಿದ್ದೆ, ರಕ್ತನಾಳ ಕಟ್ಟಿಕೊಂಡಿತ್ತು, ಬೆನ್ನು ಉಜ್ಜಿದ್ದರೆ ಏನೂ ಆಗುತ್ತಿರಲಿಲ್ಲ, ನಿನ್ನ ತಪ್ಪಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಅತ್ತಿಗೆ ಹೇಳಿದರು:

"ನಂಗೊತ್ತು."

ನಾವಿಬ್ಬರೂ ತಿರುಗಿ ನೋಡಿದೆವು.

"ನಾನು ಅಲ್ಲೇ ಕಾಫಿ ಸೋಸ್ತಾ ಇದ್ದೆ ಅತ್ತೆ. ಕೇಳಿಸ್ತು. ಅಮ್ಮ ಮಗನ ತಮಾಷೆ, ನನಗ್ಯಾಕೆ ಅಂತ ಸುಮ್ನಾದೆ. ನನ್ನ ಪಕ್ಕದಲ್ಲೇ ಹಾದು ಹೋದ್ರು, ನನಗೆ ಹೇಳ್ಲಿಲ್ಲ. ಯಾವಾಗ ಹೇಳಿದಾರೆ? ತಲೆ ನೋವಂದ್ರೂ ಅಮ್ಮ, ಜ್ವರ ಅಂದ್ರೂ ಅಮ್ಮ. ನೀವು ತೊಲಗು ಅಂದ್ರಿ, ಅವರು ಹೊರಟೋದ್ರು."

ಅಮ್ಮ ಅವರನ್ನೇ ನೋಡುತ್ತಿದ್ದಳು. "ತೆರಿಂದೂ, ಗೊತ್ತಿದ್ದೂ ಇಷ್ಟು ದಿನ ಹೇಳ್ಲಿಲ್ವಾ? ನನ್ನ ಬೈಬಾರ್ದಾಗಿತ್ತಾ?"

"ಬೈದ್ರೆ ನಿಮಗೆ ಹಗುರ ಆಗೋದು," ಅತ್ತಿಗೆ ಹೇಳಿದರು. "ನಿಮಗೆ ಹಗುರ ಆಗೋದು ನನಗೆ ಬೇಕಿರ್ಲಿಲ್ಲ."

ಇಷ್ಟು ದಿನ ಅಮ್ಮನ ಮಡಿಯನ್ನು ಅವರು ಯಾಕೆ ಅಷ್ಟು ಕಾದರು ಎನ್ನುವುದು ನನಗೆ ಆಗ ಗೊತ್ತಾಯಿತು. ಅಮ್ಮ ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದಳು, ಅತ್ತಿಗೆ ಅದಕ್ಕೆ ಕಾವಲು ಕೂತಿದ್ದರು. ಒಂದೇ ಮನೆಯಲ್ಲಿ ಇಬ್ಬರೂ ಒಂದು ಮಾತೂ ಆಡದೆ ಅದನ್ನು ನಡೆಸಿದ್ದರು. ಊರವರು ಇಬ್ಬರಿಗೂ ಕೈಮುಗಿದಿದ್ದರು.

"ಶರಿ. ಈಗ ಬೈ," ಎಂದಳು ಅಮ್ಮ.

"ಬೇಡ ಅತ್ತೆ."

"ಬೈಯಮ್ಮಾ. ಕೇಳ್ತೀನಿ."

ಅತ್ತಿಗೆ ಮೊದಲು ಒಂದು ಮೆಟ್ಟಿಲು ಇಳಿದರು. ಆಮೇಲೆ ಪೂರ್ತಿ ಇಳಿದು ಬಂದು, ಅಮ್ಮನ ಎದುರಿಗೆ ಆ ಒದ್ದೆ ನೆಲದಲ್ಲೇ ಕೂತು ಬೈದರು. ಗಟ್ಟಿಯಾಗಿ ನಗುವುದಕ್ಕೂ ಸಂಕೋಚಪಡುತ್ತಿದ್ದ ಆ ಮೈಸೂರಿನ ಹೆಂಗಸಿನ ಬಾಯಲ್ಲಿ ಅಷ್ಟು ಮಾತಿತ್ತೆಂದು ನನಗೆ ಗೊತ್ತಿರಲಿಲ್ಲ. ಮದುವೆಯಾದ ದಿನದಿಂದ ಶುರುಮಾಡಿದರು. ಮಕ್ಕಳಾಗದ್ದಕ್ಕೆ ಬಂಧುಗಳು ಆಡಿಕೊಂಡಾಗ ಅಮ್ಮ ಬಾಯಿ ಬಿಡದೆ ಕೂತದ್ದು, ಮಗನನ್ನು ಮಗುವಿನ ಹಾಗೆ ಇಟ್ಟುಕೊಂಡು ತನಗೆ ಗಂಡನೇ ಇಲ್ಲದಂತೆ ಮಾಡಿದ್ದು, ದೇವರು, ಸೌಟು, ಮಡಿ, ಎಲ್ಲ ಬಂತು. "ಒಂದ್ಸಲ ಮುಟ್ಟಿದ್ರೆ ಮೈ ಬೆವರಿದೆ ಅಂತ ಗೊತ್ತಾಗಿರೋದು ಅತ್ತೆ! ಒಂದ್ಸಲ!" ಎಂದು ನೆಲಕ್ಕೆ ಕೈ ಬಡಿದರು. ಮಹಡಿಯ ಬಾಡಿಗೆಯವರು ಕಟಾಂಜನದಿಂದ ಬಗ್ಗಿ ನೋಡಿದರು. ಒಳಗೆ ಹೋಗಿ ಎಂದು ಅವರ ಮೇಲೆ ಕೂಗಾಡಿದೆ.

ಅಮ್ಮ ತಲೆ ತಗ್ಗಿಸಿ ಕೇಳಿದಳು. ಕೇಳುತ್ತಾ ಕೇಳುತ್ತಾ ಒಂದು ಕಡೆ ಅವಳ ಗಂಟಲಿನಿಂದ ಸದ್ದು ಹೊರಟಿತು. ಮೊದಲು ಅದು ಅಳು ಎಂದೇ ನನಗೆ ತಿಳಿಯಲಿಲ್ಲ. ಹೆರಿಗೆಯಲ್ಲಿ ಹಾಗೆ ಕೂಗುತ್ತಾರೇನೋ. ಅತ್ತಿಗೆಯೂ ಬೈಯುತ್ತಲೇ ಅಳತೊಡಗಿದರು. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಆದರೆ ಅಪ್ಪಿಕೊಳ್ಳಲಿಲ್ಲ. ನಡುವೆ ಒಂದು ಮೊಳ ಜಾಗ ಬಿಟ್ಟು ಕೂತು ಅತ್ತರು. ಬಿಸಿಲು ಹಿತ್ತಲ ಗೋಡೆ ಇಳಿದು ಮೈಮೇಲೆ ಬಂದಾಗ ನಾನು ಅಮ್ಮನನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದೆ. ಮಣಿಕಟ್ಟು ಮುರಿದಿತ್ತು.

ನೀನು ತಪ್ಪು ಮಾಡಿಲ್ಲ ಎಂದು ಆ ದಿನ ಅವಳಿಗೆ ನಾನು ಹೇಳಲಿಲ್ಲ. ಆಮೇಲೂ ಹೇಳಿಲ್ಲ. ಅವಳ ಸಂಕಟಕ್ಕೆ ಕಾರಣವಿದೆ, ಅದನ್ನು ಇಲ್ಲವೆನ್ನುವುದೂ ಒಂದು ಬಗೆಯಲ್ಲಿ ಬಾಯಿ ಮುಚ್ಚಿಸುವುದೇ. ಈಗ ಅವಳು ಆ ಬೆಳಗಿನ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾಳೆ, ನಾನು ಹೂಂಗುಡುತ್ತೇನೆ. ಕೆಲವೊಮ್ಮೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದು ರೇಗುತ್ತೇನೆ. ರೇಗಿದರೂ ಅವಳು ನಿಲ್ಲಿಸುವುದಿಲ್ಲ. ಹೇಳುತ್ತಾ ಹೇಳುತ್ತಾ ತಟ್ಟೆಯಲ್ಲಿದ್ದುದನ್ನು ಉಣ್ಣುತ್ತಾಳೆ.

ಕೈಗೆ ಕಟ್ಟು ಹಾಕಿದ್ದಷ್ಟು ಕಾಲ ಮಡಿ ಇರಲಿಲ್ಲ. ಅತ್ತಿಗೆ ಮಾಡಿದ ಅಡುಗೆಯನ್ನು ನಾನು ಕಲಸಿ ತಿನ್ನಿಸಿದೆ. ಕಟ್ಟು ಬಿಚ್ಚಿದ ಮೇಲೆ ಮತ್ತೆ ಮಡಿ ಶುರುವಾಯಿತು, ಮೊದಲಿನ ಹಾಗೆ ಮಧ್ಯಾಹ್ನದ ಊಟದ ತನಕ. ಅದನ್ನು ಬಿಡು ಎಂದು ನಾವು ಹೇಳಲಿಲ್ಲ. ಆದರೆ ಈಗ ಅಮ್ಮ ಬೆಳಿಗ್ಗೆ ಸ್ನಾನಕ್ಕೆ ಇಳಿಯುವ ಮೊದಲು ನನ್ನ ಕೋಣೆಗೆ ಬರುತ್ತಾಳೆ. ಹಣೆ ಮುಟ್ಟಿ, ಬೆನ್ನು ಸವರಿ, "ಏನಾದ್ರೂ ನೋವಿದ್ಯೇನ್ಡೀ? ಈಗಲೇ ಹೇಳಿಬಿಡು," ಎನ್ನುತ್ತಾಳೆ. ಇಲ್ಲಮ್ಮ ಎಂದರೆ ಅತ್ತಿಗೆಯ ಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ.

ಕೆಲವು ದಿನ ಅತ್ತಿಗೆ ಎದ್ದು ಕೂತು ಬೆನ್ನು ಕೊಡುತ್ತಾರೆ. ಕೆಲವು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದವರು ಹಾಗೇ ಇದ್ದು, "ಇವತ್ತು ಬೇಡ ಅತ್ತೆ," ಎನ್ನುತ್ತಾರೆ. "ಶರಿಮ್ಮಾ," ಎಂದು ಅಮ್ಮ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಸ್ನಾನಕ್ಕೆ ಹೋಗುತ್ತಾಳೆ.